ಬದಲಿಸುವ ಮುನ್ನ ಆ ಭಾಗ ಹೀಗೇಕಿದೆ ಎಂದು ಕೇಳಿ

2012ರಲ್ಲಿ ಟೊಯೋಟಾ ಕಂಪನಿ ‘86’ ಎಂಬ ಸಣ್ಣ ಸ್ಪೋರ್ಟ್ಸ್ ಕಾರನ್ನು ಮಾರಾಟಕ್ಕೆ ಬಿಟ್ಟಾಗ ಅದರ ಟೈರುಗಳು ಕಾರುಪ್ರಿಯರಿಗೆ ಒಗಟಾದವು. ಎರಡು ಲೀಟರಿನ ಬಾಕ್ಸರ್ ಎಂಜಿನ್, 200 ಅಶ್ವಶಕ್ತಿ, ಹಿಂದಿನ ಚಕ್ರಗಳಿಗೆ ಡ್ರೈವ್, ತಗ್ಗಿನ ಮೈಕಟ್ಟು. ಇಷ್ಟೆಲ್ಲ ಇದ್ದ ಗಾಡಿಗೆ ಹಾಕಿದ್ದು ಮಾತ್ರ 215 ಮಿ.ಮೀ. ಅಗಲದ ಮಿಶೆಲಿನ್ ಪ್ರೈಮಸಿ ಟೈರು. ಪೆಟ್ರೋಲ್ ಉಳಿಸುವುದಕ್ಕೇ ಹೆಸರಾದ ಪ್ರಿಯಸ್ ಕಾರಿಗೂ ಬರುತ್ತಿದ್ದ ಜಾತಿಯ ಟೈರು ಅದು. ಕಂಪನಿ ದುಡ್ಡು ಮಿಗಿಸಿದೆ ಎಂದೇ ಅನೇಕರು ತಿಳಿದರು. ಕಾರು ಮನೆಗೆ ಬಂದ ಕೂಡಲೇ ಇನ್ನೂ ಅಗಲದ, ಹೆಚ್ಚು ಹಿಡಿತದ ಟೈರು ಹಾಕಿಸಿಕೊಂಡವರಿಗೆ ಲೆಕ್ಕವಿಲ್ಲ.

ಅದು ಜಿಪುಣತನವಾಗಿರಲಿಲ್ಲ. ಆ ಕಾರಿನ ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಕೆಲಸ ಶುರುಮಾಡುವಾಗಲೇ ಮೂರು ‘ಬೇಡ’ಗಳನ್ನು ಹಾಕಿಕೊಂಡಿದ್ದರು: ಟರ್ಬೊ ಬೇಡ, ನಾಲ್ಕೂ ಚಕ್ರಗಳಿಗೆ ಡ್ರೈವ್ ಬೇಡ, ವಿಪರೀತ ಹಿಡಿತದ ಟೈರು ಬೇಡ. ಟೈರಿನ ಹಿಡಿತ ಹೆಚ್ಚಿದಷ್ಟೂ ಕಾರು ಜಾರತೊಡಗುವ ವೇಗವೂ ಮೇಲೇರುತ್ತದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಿಂಬದಿ ಜಾರಿದರೆ ನಮ್ಮಂಥ ಸಾಮಾನ್ಯ ಚಾಲಕರಿಗೆ ಸಾವರಿಸಿಕೊಳ್ಳಲು ಪುರಸೊತ್ತೇ ಇರುವುದಿಲ್ಲ. ಐವತ್ತರಲ್ಲಿ ಜಾರಿದರೆ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿಪಡಿಸಿಕೊಳ್ಳಬಹುದು. ಕಾರು ಏನು ಮಾಡುತ್ತಿದೆ ಎಂಬುದು ಕೈಗೂ ಸೊಂಟಕ್ಕೂ ತಿಳಿಯುತ್ತದೆ, ಓಡಿಸುವವನು ಕಲಿಯುತ್ತಾನೆ. ಕಡಿಮೆ ವೇಗದಲ್ಲೇ ಮೈನವಿರೇಳಿಸಬೇಕು ಎನ್ನುವುದು ಆ ಕಾರಿನ ಆಶಯ. ಅಗಲದ ಟೈರು ಹಾಕಿಸಿದವರ ಕಾರು ರೇಸ್ ಟ್ರ್ಯಾಕಿನಲ್ಲಿ ಸುತ್ತಿಗೆ ಒಂದೆರಡು ಸೆಕೆಂಡ್ ಬೇಗ ಓಡಿತು, ನಿಜ. ಆದರೆ ಆ ಆಶಯ ಟೈರಂಗಡಿಯಲ್ಲೇ ಉಳಿದುಹೋಯಿತು.

ಅದೇ ಕಾರಿನಲ್ಲಿ ಇನ್ನೊಂದು ಸಂಗತಿಯಿತ್ತು. ಎಂಜಿನ್ ವೇಗ ನಿಮಿಷಕ್ಕೆ ಸುಮಾರು 3500ರಿಂದ 4500 ಸುತ್ತಿನ ನಡುವೆ ಇರುವಾಗ ಅದರ ಎಳೆತ ಕುಸಿಯುತ್ತಿತ್ತು. ದಿನನಿತ್ಯ ಊರೊಳಗೆ ಓಡಿಸುವಾಗ ಸುತ್ತು ತೋರಿಸುವ ಮುಳ್ಳು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ. ಇದು ಯಾರ ಸಂತೋಷಕ್ಕೂ ಇಟ್ಟದ್ದಲ್ಲ. ಎಂಜಿನ್ನಿನ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಹೆಡರ್ ಬದಲಿಸಿ, ಎಂಜಿನ್ ಕಂಪ್ಯೂಟರನ್ನು ಹೊಸದಾಗಿ ಹೊಂದಿಸಿ ಆ ಕುಳಿಯನ್ನು ತುಂಬಿಸಿಕೊಂಡವರ ಕಾರು ನಿಜಕ್ಕೂ ಮೊದಲಿಗಿಂತ ಹಿತವಾಯಿತು. 2021ರ ಎರಡನೇ ತಲೆಮಾರಿನಲ್ಲಿ ಕಂಪನಿಯೇ 2.4 ಲೀಟರ್ ಎಂಜಿನ್ ಕೊಟ್ಟು, ಅತಿ ಹೆಚ್ಚಿನ ಎಳೆತ 3700 ಸುತ್ತಿನಲ್ಲೇ ಸಿಗುವಂತೆ ಮಾಡಿ ಆ ದೂರನ್ನು ಮುಗಿಸಿತು.

ಒಂದೇ ಕಾರು, ಎರಡು ಬದಲಾವಣೆ. ಒಂದರಿಂದ ಕಾರಿನ ಗುಣ ಕೆಟ್ಟಿತು, ಇನ್ನೊಂದರಿಂದ ಗುಣ ಬೆಳಗಿತು. ಸ್ಪೋರ್ಟ್ಸ್ ಕಾರನ್ನು ಕಂಪನಿ ಕೊಟ್ಟ ಹಾಗೇ ‘ಸ್ಟಾಕ್’ ಆಗಿ ಇಟ್ಟುಕೊಳ್ಳಬೇಕೋ, ಮಾಡಿಫೈ ಮಾಡಿಸಬೇಕೋ ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲಿಂದ ಹೊರಡುತ್ತದೆ. ಇಡೀ ಕಾರಿಗೆ ಒಂದೇ ತೀರ್ಪು ಕೊಡಲು ಬರುವುದಿಲ್ಲ. ಒಂದೊಂದು ಭಾಗದ ಮುಂದೆಯೂ ನಿಂತು ಇದು ಹೀಗೇಕಿದೆ ಎಂದು ಕೇಳಬೇಕು. ಓಟದ ಹದಕ್ಕಾಗಿ ಹೀಗಿದೆಯೇ? ಖರ್ಚು ಉಳಿಸುವುದಕ್ಕೆ ಹೀಗಿದೆಯೇ? ಯಾವುದೋ ದೇಶದ ನಿಯಮಕ್ಕೋಸ್ಕರವೇ? ಅಥವಾ ಯಾರು ಓಡಿಸುತ್ತಾರೋ ಗೊತ್ತಿಲ್ಲದ ಸರಾಸರಿ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೀಗೆ ಮಾಡಿದ್ದಾರೆಯೇ? ಹದಕ್ಕಾಗಿ ಇಟ್ಟದ್ದನ್ನು ಮುಟ್ಟಿದರೆ ಕೆಡುವುದೇ ಹೆಚ್ಚು. ಉಳಿದ ಕಾರಣಗಳಿಗೆ ಇಟ್ಟದ್ದನ್ನು ತಿಳಿದು ಬದಲಿಸಿದರೆ ಲಾಭವುಂಟು.

ಬಲದ ವಿಷಯವನ್ನೇ ನೋಡೋಣ. 1980ರ ದಶಕದ ಕೊನೆಯಿಂದ 2004ರವರೆಗೆ ಜಪಾನಿನ ಕಾರು ಕಂಪನಿಗಳ ನಡುವೆ ಒಂದು ಒಪ್ಪಂದವಿತ್ತು. ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚು ಘೋಷಿಸಬಾರದು ಎಂದು. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್32 ಮಾದರಿ ಬಂದದ್ದು ಆ ಕಾಲದಲ್ಲೇ. ಅದರ 2.6 ಲೀಟರಿನ, ಅವಳಿ ಟರ್ಬೊ ಎಂಜಿನನ್ನು ರೂಪಿಸಿದ್ದು ಗ್ರೂಪ್ ಎ ಎಂಬ ವರ್ಗದ ರೇಸುಗಳಿಗಾಗಿ. ಅಲ್ಲಿ ಅದು ಸುಮಾರು ಇಮ್ಮಡಿ ಬಲ ಕೊಡಬೇಕಿತ್ತು. 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಪಂದ್ಯಾವಳಿಯ 29 ರೇಸುಗಳಲ್ಲಿ 29ನ್ನೂ ಆ ಕಾರು ಗೆದ್ದಿತು, ಆಸ್ಟ್ರೇಲಿಯಾದ ಬಾಥರ್ಸ್ಟ್ ರೇಸನ್ನು 1991 ಮತ್ತು 1992ರಲ್ಲಿ ಗೆದ್ದಿತು. ಟೊಯೋಟಾ ಸೂಪ್ರಾದ ಮೂರು ಲೀಟರಿನ 2ಜೆಝಡ್ ಎಂಜಿನ್ನಿನ ಕಥೆಯೂ ಇಂಥದ್ದೇ. ದಪ್ಪ ಎರಕದ ಕಬ್ಬಿಣದ ಬ್ಲಾಕು. ಜಪಾನಿನಲ್ಲಿ ಘೋಷಿಸಿದ್ದು 280, ಅದೇ ಕಾರು ಅಮೆರಿಕಕ್ಕೆ ಹೋದಾಗ 320. ಈ ಎಂಜಿನ್‌ಗಳ ‘ಸ್ಟಾಕ್’ ಬಲ ಎನ್ನುವುದು ಕಬ್ಬಿಣದ ಮಿತಿಯಲ್ಲ, ಮೇಜಿನ ಸುತ್ತ ಕೂತು ಒಪ್ಪಿಕೊಂಡ ಮಿತಿ. ಇವುಗಳ ಬಲವನ್ನು ಹದವರಿತು ಏರಿಸಿದವರು ಎಂಜಿನಿಯರನ ಮನಸ್ಸಿಗೆ ವಿರುದ್ಧ ಹೋದಂತಾಗಲಿಲ್ಲ.

ಈಗ 1999ರ ಹೋಂಡಾ ಎಸ್2000 ಪಕ್ಕಕ್ಕೆ ಬನ್ನಿ. ಎರಡೇ ಲೀಟರ್, ಟರ್ಬೊ ಇಲ್ಲ, 250 ಅಶ್ವಶಕ್ತಿ, ನಿಮಿಷಕ್ಕೆ 9000 ಸುತ್ತಿನವರೆಗೆ ಏರುವ ಎಂಜಿನ್. ಲೀಟರಿಗೆ 125 ಅಶ್ವಶಕ್ತಿಯನ್ನು ಕಾರ್ಖಾನೆಯಲ್ಲೇ ಹಿಂಡಿ ತೆಗೆದಾಗಿದೆ. ಅದಕ್ಕೆ ಏರ್ ಫಿಲ್ಟರು, ದೊಡ್ಡ ಬಾಯಿಯ ಸೈಲೆನ್ಸರ್ ಹಾಕಿಸಿದರೆ ಹೆಚ್ಚುವುದು ಬಹುಪಾಲು ಸದ್ದು ಮಾತ್ರ. ಸದ್ದು ಹೆಚ್ಚಾದಾಗ ಪಿಕಪ್ಪೂ ಹೆಚ್ಚಾಯಿತೆಂದು ಮನಸ್ಸು ನಂಬಿಬಿಡುತ್ತದೆ. ಕಿವಿಯನ್ನು ನಂಬದೆ, ಬಲ ಅಳೆಯುವ ಡೈನೋ ಯಂತ್ರದ ಮೇಲೆ ಮುಂಚೆಯೂ ಆಮೇಲೆಯೂ ಅಳೆಸಿ ನೋಡಬೇಕು. ಅಳತೆಯ ಕಾಗದ ಕೊಡದೆ ಇಷ್ಟು ಬಲ ಹೆಚ್ಚುತ್ತದೆ ಎಂದು ಬಾಯಲ್ಲೇ ಹೇಳುವ ಗ್ಯಾರೇಜಿಗೆ ಕಾರು ಬಿಡಬೇಡಿ.

ಸಸ್ಪೆನ್ಷನ್ ವಿಷಯಕ್ಕೆ ಬಂದರೆ ತಪ್ಪುಗಳು ಇನ್ನೂ ಹೆಚ್ಚು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾರು ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಚೆನ್ನಾಗಿ ನಿಲ್ಲುತ್ತದೆ ಎನ್ನುವುದು ಎಲ್ಲರೂ ನಂಬಿದ ಮಾತು. ಅರ್ಧ ಮಾತ್ರ ನಿಜ. ತಿರುವಿನಲ್ಲಿ ಕಾರಿನ ಮೈ ವಾಲುವಾಗ ಒಂದು ಬಿಂದುವಿನ ಸುತ್ತ ವಾಲುತ್ತದೆ. ಅದನ್ನು ರೋಲ್ ಸೆಂಟರ್ ಎನ್ನುತ್ತಾರೆ. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳುಗಳ ಕೋನದಿಂದ ಅದು ಎಲ್ಲಿದೆ ಎಂಬುದು ನಿರ್ಧಾರವಾಗುತ್ತದೆ. ಕಾರಿನ ಗುರುತ್ವಕೇಂದ್ರ ಇರುವುದು ಅದಕ್ಕಿಂತ ಮೇಲೆ. ಇವೆರಡರ ನಡುವಿನ ಅಂತರ ಹೆಚ್ಚಾದಷ್ಟೂ, ಹಾರೆ ಉದ್ದವಾದಷ್ಟೂ ಕಲ್ಲು ಸುಲಭವಾಗಿ ಮಗುಚುವ ಹಾಗೆ, ಕಾರು ಹೆಚ್ಚು ವಾಲುತ್ತದೆ. ಬಹಳ ಕಾರುಗಳ ಮುಂಭಾಗದಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಜೋಡಣೆಯಲ್ಲಿ, ಸ್ಪ್ರಿಂಗ್ ಗಿಡ್ಡ ಮಾಡಿ ಮೈಯನ್ನು ಮೂವತ್ತು ಮಿ.ಮೀ. ಇಳಿಸಿದರೆ ಗುರುತ್ವಕೇಂದ್ರ ಮೂವತ್ತೇ ಇಳಿಯುತ್ತದೆ, ರೋಲ್ ಸೆಂಟರ್ ಅದಕ್ಕಿಂತ ಹೆಚ್ಚು ಇಳಿದುಬಿಡುತ್ತದೆ. ಅಂತರ ಕಡಿಮೆಯಾಗುವ ಬದಲು ಬೆಳೆಯುತ್ತದೆ. ಆಗ ವಾಲುವಿಕೆಯನ್ನು ಮೊದಲಿನ ಮಟ್ಟಕ್ಕೆ ತರುವುದಕ್ಕೇ ಇನ್ನೂ ಗಡುಸಾದ ಸ್ಪ್ರಿಂಗ್ ಬೇಕು. ಗಡುಸು ಸ್ಪ್ರಿಂಗನ್ನು ಹಿಡಿತದಲ್ಲಿಡಲು ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಗಡುಸು ಸ್ಪ್ರಿಂಗಿನ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಗಾಳಿಯಲ್ಲಿರುವ ಟೈರಿಗೆ ಹಿಡಿತವಿಲ್ಲ. ಹಂಪುಗಳಿಗೆ ಲೆಕ್ಕವಿಲ್ಲದ ನಮ್ಮ ರಸ್ತೆಗಳಲ್ಲಂತೂ ಮುಂದಿನ ಬಂಪರಿನ ಪಾಡು ಹೇಳಬೇಕಿಲ್ಲ. ಇನ್ನು ಸ್ಪ್ರಿಂಗಿನ ಸುರುಳಿಯನ್ನೇ ಗ್ರೈಂಡರಿನಲ್ಲಿ ಕತ್ತರಿಸಿ ಕಾರು ಇಳಿಸುವವರಿದ್ದಾರೆ. ಅದು ಮಾಡಿಫಿಕೇಷನ್ ಅಲ್ಲ, ಅಪಾಯ.

ಹಾಗೆಂದು ಕಂಪನಿಯ ಹೊಂದಾಣಿಕೆಯೇ ಅಂತಿಮವೂ ಅಲ್ಲ. ರಸ್ತೆಗೆ ಬರುವ ಹೆಚ್ಚಿನ ಕಾರುಗಳನ್ನು, ತಿರುವಿನಲ್ಲಿ ವೇಗ ಮೀರಿದಾಗ ಮೂತಿ ಹೊರಕ್ಕೆ ಹೋಗುವ ಹಾಗೆ ಹೊಂದಿಸಿರುತ್ತಾರೆ. ಗಾಬರಿಯಾದ ಚಾಲಕ ಆಕ್ಸಿಲರೇಟರ್ ಬಿಟ್ಟರೆ ಕಾರು ತಾನಾಗಿ ಸರಿಯಾಗಲಿ ಎಂಬ ಕಾಳಜಿ ಅದು. ಕಲಿತ ಚಾಲಕನೊಬ್ಬ ಟ್ರ್ಯಾಕಿಗಾಗಿ ಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿರುವ ಕ್ಯಾಂಬರ್ ಕೋನವನ್ನು ತುಸು ಬದಲಿಸಿಕೊಂಡರೆ ಕಾರಿನ ಮೂತಿ ಮಾತು ಕೇಳುತ್ತದೆ. ಹೊಂದಿಸುವ ಅವಕಾಶವಿರುವ ಕಾರುಗಳಲ್ಲಿ ಅದು ಕೇವಲ ಅಲೈನ್‌ಮೆಂಟ್ ಕೆಲಸ, ಒಂದು ಭಾಗವನ್ನೂ ತೆಗೆಯಬೇಕಿಲ್ಲ, ಬೇಡವೆನಿಸಿದರೆ ಮತ್ತೆ ಮೊದಲಿನಂತೆ ಮಾಡಿಸಬಹುದು. ಇಷ್ಟು ಸಣ್ಣದರಲ್ಲಿ ಇಷ್ಟು ದೊಡ್ಡ ಫಲ ಕೊಡುವ ಬದಲಾವಣೆ ಇನ್ನೊಂದಿಲ್ಲ. ಆದರೂ ಜನ ಅದನ್ನು ಮಾಡಿಸುವುದು ಕಡೆಯಲ್ಲಿ. ಹೊರಗೆ ಕಾಣುವುದಿಲ್ಲವಲ್ಲ.

ಕಣ್ಣಿಗೆ ಕಾಣದ ಇನ್ನೊಂದು ವಸ್ತು ಬ್ರೇಕ್ ಆಯಿಲ್. ಬ್ರೇಕು ಹೀರಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೂರರ ಬದಲು ನೂರಿಪ್ಪತ್ತರಿಂದ ನಿಲ್ಲಿಸಬೇಕಾದರೆ ಶೇ 44ರಷ್ಟು ಹೆಚ್ಚು. ಅದೆಲ್ಲವೂ ಶಾಖವಾಗುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ, ತೇವ ಸೇರಿದ ಆಯಿಲಿಗೆ ಮಾನದಂಡ ಬರೀ 155 ಡಿಗ್ರಿ. ಕುದಿದಾಗ ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ಕಾಲಡಿಯಲ್ಲಿ ಮೆತ್ತಗೆ ಕುಸಿಯುತ್ತದೆ, ಕಾರು ನಿಲ್ಲುವುದಿಲ್ಲ. ಎಂಜಿನ್ ಬಲಕ್ಕೆ ಲಕ್ಷಗಟ್ಟಲೆ ಸುರಿದು ಹಳೆಯ ಬ್ರೇಕ್ ಆಯಿಲಿನಲ್ಲೇ ಘಟ್ಟ ಇಳಿಯುವವರನ್ನು ನೆನೆದರೆ ನನಗೆ ನಿಜವಾಗಿ ಭಯವಾಗುತ್ತದೆ. ಬಲ ಏರಿಸುವ ಮುಂಚೆ ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಆಯಿಲ್, ಹೊಸ ಟೈರು ಹಾಕಿಸಿ. ಈ ಕ್ರಮದಲ್ಲಿ ರಿಯಾಯಿತಿ ಇಲ್ಲ.

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರಿಗೆ ಬೇರೆಯದೇ ಒಂದು ಬಲೆಯಿದೆ. ಮಾಜ್ದಾ ಎಂಎಕ್ಸ್-5 ಕಾರನ್ನು ತೆಗೆದುಕೊಳ್ಳಿ. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಅಮೆರಿಕದಲ್ಲಿ ಮಿಯಾಟಾ ಎಂದು ಕರೆಯುವ ಎರಡು ಸೀಟಿನ ತೆರೆದ ಕಾರು. 1.6 ಲೀಟರ್, 116 ಅಶ್ವಶಕ್ತಿ, ಸಾವಿರ ಕಿಲೋಗೂ ಕಡಿಮೆ ತೂಕ, ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್. ಹೊಸ ತಲೆಮಾರುಗಳೂ ಸೇರಿ ತಯಾರಿಕೆಯಲ್ಲಿ 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷ ಮುಟ್ಟಿದ, ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು. ಇವತ್ತು ಮೊದಲ ತಲೆಮಾರಿನದನ್ನು ಕೊಂಡರೆ ಅದಕ್ಕೆ ಮೂವತ್ತು ವರ್ಷದ ಆಸುಪಾಸು. ಶಾಕ್ ಅಬ್ಸಾರ್ಬರ್ ಸತ್ತಿರುತ್ತದೆ, ರಬ್ಬರ್ ಬುಷ್‌ಗಳು ಒಡೆದಿರುತ್ತವೆ. ಮಾಲೀಕ ಅದನ್ನು ಓಡಿಸಿ ‘ಕಂಪನಿ ಸಸ್ಪೆನ್ಷನ್ ಸರಿಯಿಲ್ಲ’ ಎಂದು ತೀರ್ಮಾನಿಸಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದಾಗಿರುವ ದುಬಾರಿ ಕಾಯ್ಲೋವರ್ ಹಾಕಿಸುತ್ತಾನೆ, ಆಹಾ ಎನ್ನುತ್ತಾನೆ. ಅವನು ಹೋಲಿಸಿದ್ದು ಹೊಸದನ್ನು ಸವೆದದ್ದರ ಜೊತೆಗೆ. ಕಂಪನಿ ಕೊಟ್ಟ ಕಾರು ಹೇಗಿತ್ತೆಂದು ಅವನಿಗೆ ಗೊತ್ತೇ ಇಲ್ಲ. ಮೊದಲು ಸವೆದ ಭಾಗಗಳ ಜಾಗಕ್ಕೆಲ್ಲ ಕಂಪನಿ ಅಳತೆಯ ಹೊಸ ಭಾಗಗಳನ್ನು ಹಾಕಿಸಿ ಓಡಿಸಿ ನೋಡಿ ಎನ್ನುವುದು ಅದಕ್ಕೇ. ಬಹಳ ಸಲ ಆಸೆ ಅಲ್ಲಿಗೇ ತೀರುತ್ತದೆ.

ಎಂಎಕ್ಸ್-5ಗೆ ಟರ್ಬೊ ಕೂರಿಸುವವರೂ ಇದ್ದಾರೆ. ಟರ್ಬೊ ಬಂದರೆ ಇಂಟರ್‌ಕೂಲರ್ ಬರುತ್ತದೆ, ದೊಡ್ಡ ರೇಡಿಯೇಟರ್ ಬೇಕಾಗುತ್ತದೆ, ಗಟ್ಟಿ ಕ್ಲಚ್ ಬೇಕಾಗುತ್ತದೆ, ನಂತರ ಗೇರ್‌ಬಾಕ್ಸಿನ ಹಲ್ಲುಗಳ ಚಿಂತೆ. ಕಡೆಗೆ ಸಿಗುವ ಕಾರು ವೇಗದ್ದೇ, ಆದರೆ ಎಲ್ಲ ಗೇರುಗಳಲ್ಲೂ ಎಂಜಿನ್ನಿನ ಕೊನೆಯ ಉಸಿರಿನವರೆಗೆ ಧೈರ್ಯವಾಗಿ ಓಡಿಸಬಹುದಾಗಿದ್ದ ಆ ಹಗುರ ಕಾರು ಅಲ್ಲ. ಅದೇ ಕಾರಿಗೆ ತಲೆ ಕಾಯುವ ರೋಲ್ ಬಾರ್ ಹಾಕಿಸಿದವರನ್ನು ನಾನು ಮೆಚ್ಚುತ್ತೇನೆ. ಛಾವಣಿಯಿಲ್ಲದ ಗಾಡಿ ಮಗುಚಿದರೆ ಏನಾಗುತ್ತದೆ ಎಂಬುದನ್ನು ಅವರು ಯೋಚಿಸಿದ್ದಾರೆ.

ಕಾರನ್ನು ಮುಟ್ಟಲೇಬಾರದು ಎನ್ನುವ ಶುದ್ಧಾಚಾರಿಗಳು ಚರಿತ್ರೆಯನ್ನೂ ನೋಡಬೇಕು. 1962ರಲ್ಲಿ ಕ್ಯಾರಲ್ ಶೆಲ್ಬಿ ಬ್ರಿಟನ್ನಿನ ಎಸಿ ಏಸ್ ಎಂಬ ಹಗುರ ಕಾರಿಗೆ ಅಮೆರಿಕದ ಫೋರ್ಡ್ ವಿ8 ಎಂಜಿನ್ ಕೂರಿಸದೆ ಹೋಗಿದ್ದರೆ ಕೋಬ್ರಾ ಹುಟ್ಟುತ್ತಿರಲಿಲ್ಲ. ಇವತ್ತು ಮರ್ಸಿಡಿಸ್ ಕಾರುಗಳ ಬೆನ್ನಿಗೆ ಹೆಮ್ಮೆಯಿಂದ ಬರೆಯುವ ಎಎಂಜಿ ಎಂಬುದು 1967ರಲ್ಲಿ ಆ ಕಂಪನಿ ಬಿಟ್ಟು ಬಂದ ಇಬ್ಬರು ಎಂಜಿನಿಯರುಗಳು, ಹಾನ್ಸ್ ವರ್ನರ್ ಔಫ್ರೆಕ್ಟ್ ಮತ್ತು ಎರ್ಹಾರ್ಡ್ ಮೆಲ್ಶರ್, ತೆರೆದ ಮಾಡಿಫಿಕೇಷನ್ ಅಂಗಡಿ. 1971ರ ಸ್ಪಾ 24 ಗಂಟೆಗಳ ರೇಸಿನಲ್ಲಿ ಅವರ ಭಾರಿ ಸೆಡಾನ್ ಎರಡನೇ ಸ್ಥಾನ ಪಡೆದ ಮೇಲೆ ಜಗತ್ತು ಕಣ್ಣರಳಿಸಿತು. ಇವರೆಲ್ಲ ಗೆದ್ದದ್ದು ಒಂದು ಭಾಗ ಬದಲಿಸಿದಾಗ ಅದರಿಂದ ಬದಲಾಗುವ ಉಳಿದೆಲ್ಲವನ್ನೂ ಲೆಕ್ಕ ಹಾಕಿದ್ದರಿಂದ.

ಇನ್ನು ಬೆಲೆಯ ಮಾತು. ಹಾಕಿಸಿದ ಭಾಗಗಳ ದುಡ್ಡು ಮಾರುವಾಗ ವಾಪಸ್ ಬರುವುದು ಅಪರೂಪ. ಕೊಳ್ಳುವವನಿಗೆ ನಿಮ್ಮ ರುಚಿಯ ಮೇಲಲ್ಲ, ಗಾಡಿಯನ್ನು ಹೇಗೆ ಓಡಿಸಿರಬಹುದು ಎಂಬುದರ ಮೇಲೆ ಕಣ್ಣು. ಸೂಪ್ರಾಗಳನ್ನು ಎಷ್ಟು ಮಂದಿ ಮಾಡಿಫೈ ಮಾಡಿದರೆಂದರೆ, ಮುಟ್ಟದೆ ಉಳಿದ ಕಾರುಗಳೇ ಈಗ ಅಪರೂಪ. 2019ರಲ್ಲಿ ಕಡಿಮೆ ಓಡಿದ, ಮೂಲರೂಪದ 1994ರ ಸೂಪ್ರಾವೊಂದು ಅಮೆರಿಕದ ಹರಾಜಿನಲ್ಲಿ 1,73,600 ಡಾಲರಿಗೆ ಹೋಯಿತು. ಎರಡು ವರ್ಷದ ನಂತರ ಕಿತ್ತಳೆ ಬಣ್ಣದ, ಮೈತುಂಬ ಮಾರ್ಪಾಟಾದ ಇನ್ನೊಂದು ಸೂಪ್ರಾ 5,50,000 ಡಾಲರಿಗೆ ಹೋಯಿತಲ್ಲ ಎನ್ನಬಹುದು. ಅದು ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಿತ್ರದಲ್ಲಿ ಪಾಲ್ ವಾಕರ್ ಓಡಿಸಿದ ಕಾರು. ಆ ಬೆಲೆ ಸಿನಿಮಾದ್ದು, ಸ್ಪಾಯ್ಲರಿನದ್ದಲ್ಲ. ಮೂಲಭಾಗಗಳು ಎಷ್ಟು ಬೇಗ ಕಾಣೆಯಾಗುತ್ತವೆ ಎನ್ನಲು ಮಾಜ್ದಾದ್ದೇ ಸಾಕ್ಷಿ. 2017ರಲ್ಲಿ ಆ ಕಂಪನಿ ಮೊದಲ ಎಂಎಕ್ಸ್-5ಗಳನ್ನು ಮೂಲರೂಪಕ್ಕೆ ತರುವ ಸೇವೆಯನ್ನು ಜಪಾನಿನಲ್ಲಿ ಘೋಷಿಸಿದಾಗ ಬಟ್ಟೆಯ ಛಾವಣಿ, ಮರದ ಸ್ಟೀರಿಂಗ್, ಅಂದಿನ ಬ್ರಿಜ್‌ಸ್ಟೋನ್ ಟೈರಿನ ಅದೇ ವಿನ್ಯಾಸ, ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಯಿತು.

ಕರ್ನಾಟಕದಲ್ಲಿ ಕಾರಿಟ್ಟುಕೊಂಡವರು ಕಾನೂನನ್ನು ಓದದೆ ಸ್ಪ್ಯಾನರ್ ಹಿಡಿಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಾವಣೆಯಂಥ ಸಣ್ಣ ಸಂಗತಿಗಳಿಗೆ ಅವಕಾಶವಿದೆ, ಅದನ್ನೂ ಆರ್‌ಟಿಒ ಕಚೇರಿಯಲ್ಲಿ ದಾಖಲಿಸಿಕೊಳ್ಳಬೇಕು. ಅದೇ ವರ್ಷ ಕಾಯ್ದೆಗೆ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆಯಿಂದ ಅಪಘಾತದ ಕ್ಲೇಮು ಬಿದ್ದುಹೋಗಬಹುದು ಎನ್ನುವುದು ದಂಡಕ್ಕಿಂತ ದೊಡ್ಡ ಹೊಡೆತ. ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದಕ್ಕಂತೂ ಯಾವ ಸಮರ್ಥನೆಯೂ ಇಲ್ಲ. ಆ ಹೊಗೆ ಕುಡಿಯುವವರು ಹಿಂದಿನ ಬೈಕಿನಲ್ಲಿ ಕೂತ ಮಕ್ಕಳು.

ಕಾನೂನಿನ ಕಾಳಜಿ ಸರಿ. ಪರೀಕ್ಷೆಯಾಗದ ಬ್ರೇಕು ಕೊಲ್ಲುವುದು ಮಾಲೀಕನನ್ನು ಮಾತ್ರವಲ್ಲ. ಆದರೆ ಜರ್ಮನಿಯಲ್ಲಿ ಒಳ್ಳೆಯ ಭಾಗಕ್ಕೆ ಪರೀಕ್ಷಾ ಪತ್ರ ಬರುತ್ತದೆ, ಟಿಯುವಿಯಂಥ ಸಂಸ್ಥೆಯ ತಪಾಸಕ ಕಾರು ನೋಡಿ ಒಪ್ಪಿದರೆ ಬದಲಾವಣೆ ಕಾಗದಪತ್ರದಲ್ಲೇ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಗೊತ್ತಿರುತ್ತದೆ, ಅಲ್ಲಿ ಹೊಗೆಗೆ ಸಂಬಂಧಿಸಿದ ಭಾಗಕ್ಕೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇದ್ದರೆ ಅದನ್ನು ಹಾಕಿಸಬಹುದು. ಸಾಮಾನ್ಯ ಮಾಲೀಕನಿಗೆ ಅಂಥ ಸರಳ ದಾರಿ ನಮ್ಮಲ್ಲಿಲ್ಲ. ಇರಬೇಕು. ಅದು ಬರುವ ತನಕ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಹೋಗಿ ಓಡಿಸುವ ಬೆಂಗಳೂರಿನವರು ಟ್ರ್ಯಾಕಿಗೆಂದೇ ಒಂದು ಗಾಡಿಯನ್ನು ಬೇರೆ ಇಟ್ಟುಕೊಂಡು, ಟ್ರಕ್ಕಿನ ಮೇಲೆ ಕೊಂಡೊಯ್ಯುವುದು ಮೇಲು.

ಹೊಸದಾಗಿ ಕಾರು ಕೊಂಡವರು ನಾನೇನು ಮಾಡಲಿ ಎಂದು ಕೇಳಿದರೆ ಹೀಗೆ ಹೇಳುತ್ತೇನೆ. ಒಂದು ಮಳೆಗಾಲ, ಒಂದು ಬೇಸಿಗೆ ಕಾರನ್ನು ಹಾಗೇ ಓಡಿಸಿ. ಟ್ರ್ಯಾಕ್ ತರಬೇತಿಗೆ ಸೇರಿಕೊಳ್ಳಿ, ಮೊದಲ ಖರ್ಚು ಚಾಲಕನ ಮೇಲಾಗಲಿ. ಆಮೇಲೂ ಒಂದು ಕೊರತೆ ಬಿಡದೆ ಕಾಡಿದರೆ ಆ ಭಾಗ ಹೀಗೇಕಿದೆ ಎಂದು ತಿಳಿದವರನ್ನು ಕೇಳಿ, ಒಂದನ್ನು ಮಾತ್ರ ಬದಲಿಸಿ, ಮತ್ತೆ ಓಡಿಸಿ ನೋಡಿ. ಮೈಯನ್ನು ಕತ್ತರಿಸುವ, ವೆಲ್ಡಿಂಗ್ ಮಾಡುವ, ಹಿಂದಕ್ಕೆ ತರಲಾಗದ ಯಾವುದಕ್ಕೂ ಒಪ್ಪಬೇಡಿ. ಬಿಚ್ಚಿದ ಚಕ್ರ, ಸೈಲೆನ್ಸರ್, ಸ್ಪ್ರಿಂಗ್, ಸಣ್ಣ ಕ್ಲಿಪ್ಪು ಸಮೇತ ಹೆಸರು ಬರೆದು, ಎಣ್ಣೆ ಸವರಿ, ಕಾಗದ ಸುತ್ತಿ ಅಟ್ಟದ ಮೇಲಿಡಿ. ಗ್ಯಾರೇಜಿನವರು ಗುಜರಿಗೆ ಹಾಕುತ್ತೇವೆ ಎಂದರೆ ಕೊಡಬೇಡಿ.